ಡಬ್ಬವಿಲ್ಲದ ಬಾಂಬು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಸಂಸ್ಥೆಯ ಮಾನ್ಯ ನಿರ್ದೇಶಕರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನನ್ನ ಬಗ್ಗೆ ಇಷ್ಟೊಂದು ಒಳ್ಳೆಯ ಮಾತಾಡಿ ನನಗೇ ಅನುಮಾನ ಬರುವಂತೆ ಮಾಡಿದ ಸಹೋದ್ಯೋಗಿಗಳೇ, ಮತ್ತು ಹಿಂದಿನ ಸಾಲಿನಲ್ಲಿ ಕೂತು ಊಟದ ಹಾಲ್ ಯಾವ ಕಡೆ ಅಂತ ಆಗಲೇ ನೋಡಿಟ್ಟುಕೊಂಡಿರುವ ಪ್ರಿಯ ಸಭಿಕರೇ,

ಬೀಳ್ಕೊಡುಗೆ ಸಭೆಯಲ್ಲಿ ನಿವೃತ್ತರಾಗುವವರು ಎರಡು ಮಾತಾಡಿ, ಕಣ್ಣೊರೆಸಿಕೊಂಡು ಕೂತುಬಿಡಬೇಕು ಅನ್ನುವುದು ರೂಢಿ. ನಾನು ಎರಡು ಮಾತಿಗೆ ನಿಲ್ಲಿಸುವವಳಲ್ಲ ಅಂತ ನಿಮಗೆಲ್ಲ ಗೊತ್ತು. ಇವತ್ತಂತೂ ನಿಲ್ಲಿಸುವ ಹಾಗೇ ಇಲ್ಲ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಈ ಕಟ್ಟಡದ ಹಿಂದೆ, ಜನರೇಟರ್ ಕೋಣೆಯ ಪಕ್ಕದ ನೆಲಮಾಳಿಗೆಯಲ್ಲಿ ಒಂದು ಯಂತ್ರ ಇದೆ. ನಾವು ಅದನ್ನು ಬೋನು ಅಂತ ಕರೆಯುತ್ತೇವೆ. ಅದರೊಳಗೆ ಒಂದಿಷ್ಟು ಪ್ರತಿದ್ರವ್ಯ ಇದೆ. ಇವತ್ತು ಕಚೇರಿ ಮುಚ್ಚುವಾಗ ಅದರ ಕರೆಂಟು ತೆಗೆಯಬೇಕು ಅಂತ ಆದೇಶ ಆಗಿದೆ. ತೆಗೆಯಬಾರದು ಅಂದರೆ ನಿರ್ದೇಶಕರ ಒಂದು ಸಹಿ ಬೇಕು. ನಿರ್ದೇಶಕರು ಬೆಳಿಗ್ಗೆ "ನೋಡೋಣ" ಅಂದಿದ್ದಾರೆ. ನಮ್ಮಲ್ಲಿ "ನೋಡೋಣ" ಅಂದರೆ ಏನು ಅಂತ ಹೊಸಬರಿಗೆ ಗೊತ್ತಿಲ್ಲ, ಹಳಬರು ಆಗಲೇ ನಗುತ್ತಿದ್ದಾರೆ.

ಈಗ ಲೆಕ್ಕ ನೋಡಿ. ನನ್ನ ಮಾತು ಮುಗಿಯದೆ ಸಭೆ ಮುಗಿಯುವುದಿಲ್ಲ. ಸಭೆ ಮುಗಿಯದೆ ಕಚೇರಿ ಮುಚ್ಚುವುದಿಲ್ಲ. ವಿದ್ಯುತ್ ವಿಭಾಗದವರು ಅಗೋ, ಆ ಕಂಬದ ಪಕ್ಕ ಕೂತಿದ್ದಾರೆ, ಅವರೂ ಎದ್ದು ಹೋಗುವ ಹಾಗಿಲ್ಲ. ಆದ್ದರಿಂದ ಆರಾಮಾಗಿ ಕೂತುಕೊಳ್ಳಿ. ನೀರು ಬೇಕಾದವರು ಕೇಳಿ ತರಿಸಿಕೊಳ್ಳಿ. ಸಾರ್, ನೀವೂ ಕುಡೀರಿ.

ನಮ್ಮದು ವಿಚಿತ್ರ ಅಸ್ತ್ರಗಳ ಸಾಧ್ಯತಾ ವಿಭಾಗ. ಹೆಸರು ಕೇಳಿದರೆ ಮೈ ಜುಂ ಅನ್ನುತ್ತದೆ, ಅಲ್ಲವೇ? ಒಳಗೆ ಬಂದು ನೋಡಿದರೆ ನಾಲ್ಕು ಮೇಜು, ಒಂದು ಕಪ್ಪು ಹಲಗೆ, ಒಂದು ಕಾಲು ಗಿಡ್ಡವಾಗಿ ಕುಂಟುವ ಬೀರು. ದೇಶದ ಯಾವ ಮೂಲೆಯಲ್ಲಿ ಯಾರಿಗೆ ಹೊಸ ಆಯುಧ ಹೊಳೆದರೂ ಆ ಪ್ರಸ್ತಾವನೆ ನಮ್ಮ ಮೇಜಿಗೆ ಬರುತ್ತದೆ. ಇದು ಆಗುತ್ತದೋ ಇಲ್ಲವೋ ಅಂತ ನಾವು ಹೇಳಬೇಕು. ನಾನು ಸೇರಿದಾಗಿನಿಂದ ನಿನ್ನೆಯವರೆಗೆ ಬಂದ ಅಷ್ಟಕ್ಕೂ ನಾನು ಬರೆದ ಉತ್ತರ ಒಂದೇ. ಆಗಲ್ಲ. ಆಗಲ್ಲ. ಆಗಲ್ಲ. ಅದಕ್ಕೇ ಕ್ಯಾಂಟೀನಿನಲ್ಲಿ ನೀವೆಲ್ಲ ನನಗೆ ಆಗಲ್ಲಮ್ಮ ಅಂತ ಹೆಸರಿಟ್ಟಿದ್ದೀರಿ. ನನಗೆ ಗೊತ್ತಿಲ್ಲ ಅಂದುಕೊಂಡಿರಾ? ಒಂದು ಸಲ ನಾನೇ ಫೋನ್ ಎತ್ತಿ "ಹಲೋ, ಆಗಲ್ಲಮ್ಮ ಮಾತಾಡ್ತಿರೋದು" ಅಂದುಬಿಟ್ಟಿದ್ದೆ. ಆ ಕಡೆ ಇದ್ದವರು ಮಂತ್ರಿಗಳ ಕಾರ್ಯದರ್ಶಿ.

ಹಾಗಂತ ಬಂದವರೆಲ್ಲ ದಡ್ಡರು ಅಂದುಕೊಳ್ಳಬೇಡಿ. ಒಬ್ಬರು ನ್ಯೂಟ್ರಿನೋ ಕಣಗಳ ಬಂದೂಕು ತಂದಿದ್ದರು. ಗುಂಡು ಯಾವ ಗೋಡೆಯನ್ನಾದರೂ ದಾಟುತ್ತದೆ, ಬೆಟ್ಟವನ್ನು ದಾಟುತ್ತದೆ, ಭೂಮಿಯನ್ನೇ ದಾಟಿ ಆ ಕಡೆ ಹೋಗುತ್ತದೆ. ಅಪ್ಪಟ ನಿಜ! ತೊಂದರೆ ಏನಪ್ಪಾ ಅಂದರೆ ಶತ್ರುವನ್ನೂ ಹಾಗೇ ದಾಟಿ ಹೋಗುತ್ತದೆ. ನಾವು ಯುದ್ಧ ಸಾರಿದ್ದು ಅವನಿಗೆ ಗೊತ್ತೇ ಆಗುವುದಿಲ್ಲ. ಇನ್ನೊಬ್ಬರು ಬೆಟ್ಟದಷ್ಟು ತೂಕದ ಪುಟಾಣಿ ಕಪ್ಪು ಕುಳಿಯನ್ನು ಲಾರಿಯಲ್ಲಿ ಸಾಗಿಸಿ ಗಡಿಯಲ್ಲಿ ಇಳಿಸೋಣ ಅಂದರು. ಕಪ್ಪು ಕುಳಿ ಎಲ್ಲಿಂದ ತರೋಣ ಅನ್ನುವುದು ಆಮೇಲಿನ ಮಾತು, ಸ್ವಾಮಿ, ಬೆಟ್ಟ ಹೊರುವ ಲಾರಿ ಎಲ್ಲಿದೆ ಅಂತ ಕೇಳಿದೆ. "ಎರಡು ಟ್ರಿಪ್ ಮಾಡಿದ್ರೆ ಆಗಲ್ವಾ ಮೇಡಂ?" ಅಂದರು. ಮತ್ತೊಬ್ಬರದು ಇನ್ನೂ ಮೇಲು. ಖಾಲಿ ಜಾಗದ ಸ್ವಭಾವವನ್ನೇ ಕೆಡಿಸುವ ಬಾಂಬು. ಒಂದು ಸಲ ಹೊತ್ತಿಕೊಂಡರೆ ಬೆಳಕಿನ ವೇಗದಲ್ಲಿ ಹರಡಿ ಇಡೀ ವಿಶ್ವವನ್ನೇ ಅಳಿಸಿಹಾಕುತ್ತದೆ. ಅನನುಕೂಲಗಳು ಅನ್ನುವ ಕಡೆ ಪುಣ್ಯಾತ್ಮರು ಬರೆದಿದ್ದರು: "ಸ್ವಲ್ಪ ಮಟ್ಟಿಗೆ ನಮ್ಮ ಕಡೆಗೂ ಪರಿಣಾಮ ಆಗಬಹುದು."

ನಗಿ, ನಗಿ. ನಾನೂ ಬೆಳಿಗ್ಗೆಯಿಂದ ಒಬ್ಬಳೇ ನಗುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಇವೆಲ್ಲದರ ನಡುವೆ ಒಂದು ಪ್ರಸ್ತಾವನೆ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಪ್ರತಿದ್ರವ್ಯದ ಬಾಂಬು. ನಾನು ಬೇಡ ಅಂದರೆ ಮುಂದಿನ ವರ್ಷ ಹೊಸ ರಟ್ಟು ಹಾಕಿಕೊಂಡು ಹಾಜರು. ಅದನ್ನು ಬರೆಯುತ್ತಿದ್ದವನು ನನ್ನ ಒಡಹುಟ್ಟಿದ ತಮ್ಮ. ನೆಲಮಾಳಿಗೆಯ ಬೋನು ಕಟ್ಟಿದವನೂ ಅವನೇ. ಸಂಬಂಧಿಕರ ಕಡತ ನಾನು ನೋಡಬಾರದು ಅಂತ ಆಗಿನ ನಿರ್ದೇಶಕರ ಹತ್ತಿರ ಹೋಗಿದ್ದೆ. ಅವರು "ಈ ವಿಷಯ ತಿಳಿದವರು ಇಲ್ಲಿ ಇಬ್ಬರೇ, ಒಬ್ಬರು ಬರೆದಿದ್ದಾರೆ, ಇನ್ನೊಬ್ಬರು ನೋಡಲೇಬೇಕು. ಅಲ್ಲದೆ ತಮ್ಮನನ್ನ ನೀವು ಬಯ್ದ ಹಾಗೆ ಬೇರೆ ಯಾರು ಬಯ್ತಾರೆ?" ಅಂದರು. ಅದೂ ನಿಜವೇ.

ಪ್ರತಿದ್ರವ್ಯ ಅಂದರೇನು ಅಂತ ಲೆಕ್ಕಪತ್ರ ವಿಭಾಗದವರಿಗೆ ಒಂದೇ ಮಾತಿನಲ್ಲಿ ಹೇಳುತ್ತೇನೆ. ನಮ್ಮನ್ನೆಲ್ಲ ಮಾಡಿರುವ ಕಣಗಳಿಗೆ ಒಂದೊಂದು ತದ್ವಿರುದ್ಧ ಜೋಡಿ ಇದೆ. ಜೋಡಿಗಳು ಮುಟ್ಟಿದರೆ ಎರಡೂ ಮಾಯ, ಉಳಿಯುವುದು ಬರೀ ಶಕ್ತಿ. ಒಂದು ಗ್ರಾಂ ಸಾಕು, ಊರಿಗೆ ಊರೇ ಇಲ್ಲ. ಮಂತ್ರಿಗಳಿಗೆ ಬಾಯಲ್ಲಿ ನೀರೂರುವುದು ಈ ಮಾತಿಗೇ. ಆದರೆ ಆ ಒಂದು ಗ್ರಾಂ ತಯಾರಿಸುತ್ತಾ ಕೂತರೆ, ಇವತ್ತಿನ ಯಂತ್ರಗಳಿಗೆ ಭೂಮಿಯ ಇಷ್ಟು ದಿನದ ಆಯಸ್ಸೂ ಸಾಲುವುದಿಲ್ಲ. ಸುರಿಯುವ ವಿದ್ಯುತ್ತಿನಲ್ಲಿ ವಾಪಸ್ ಸಿಗುವುದು ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಪ್ರಪಂಚದ ಪ್ರಯೋಗಾಲಯಗಳೆಲ್ಲ ಸೇರಿ ಇಲ್ಲಿಯವರೆಗೆ ಮಾಡಿದ್ದನ್ನು ಒಟ್ಟುಗೂಡಿಸಿದರೆ ಒಂದು ಬಲ್ಬು ಒಂದು ಸಂಜೆ ಉರಿದೀತು. ನಮ್ಮ ಬೋನಿನಲ್ಲಿ ಇರುವುದನ್ನು ಈಗಲೇ ಬಿಟ್ಟುಬಿಟ್ಟರೆ ನಿಮ್ಮ ಲೋಟದ ನೀರು ಬೆಚ್ಚಗೂ ಆಗುವುದಿಲ್ಲ. ಗಾಬರಿಯಾಗಿ ಕುರ್ಚಿ ಹಿಂದಕ್ಕೆ ಎಳೆದುಕೊಂಡ ಅತಿಥಿಗಳು ದಯವಿಟ್ಟು ಮುಂದಕ್ಕೆ ಬರಬೇಕು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಭಾಷಣಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಇದೆ.

ನಮ್ಮ ಅಪ್ಪ ಲಾರಿ ಬ್ಯಾಟರಿಗಳನ್ನು ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಆಸಿಡ್ ಸಿಡಿದು ನಮ್ಮ ಬಟ್ಟೆಗಳಲ್ಲೆಲ್ಲ ತೂತು. ತಮ್ಮನಿಗೆ ಆಗಿನಿಂದಲೇ ತಲೆ ತುಂಬ ಹುಚ್ಚು ಯೋಚನೆ. ಟೇಬಲ್ ಫ್ಯಾನನ್ನು ಮಂಚಕ್ಕೆ ಕಟ್ಟಿ ಹಾರಿಸುತ್ತೇನೆ ಅನ್ನುತ್ತಿದ್ದ. ನಾನು ಬಾಗಿಲಲ್ಲಿ ನಿಂತು "ಆಗಲ್ಲ ಕಣೋ" ಅನ್ನುತ್ತಿದ್ದೆ. ಅವನು ಅಷ್ಟಕ್ಕೇ ಬಿಡುವ ಆಸಾಮಿಯೇ? "ಬರೀ ಆಗಲ್ಲ ಅನ್ಬೇಡ ಅಕ್ಕ, ಯಾಕಾಗಲ್ಲ ಹೇಳು" ಅಂತ ಸೆರಗು ಹಿಡಿದು ನಿಲ್ಲುತ್ತಿದ್ದ. ನನಗೆ ಗೊತ್ತಿದ್ದರೆ ತಾನೇ ಹೇಳುವುದು! ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವುದಕ್ಕೆ ನಾನು ಅಕ್ಕ ಬೇರೆ. ಹೋಗಿ ಪುಸ್ತಕ ತೆಗೆದೆ. ಫ್ಯಾನಿನ ಗಾಳಿಗೆ ಮಂಚದ ಭಾರ ಎತ್ತುವ ತಾಕತ್ತು ಇಲ್ಲ ಅಂತ ಲೆಕ್ಕ ಮಾಡಿ ತೋರಿಸಿದೆ. ಅವನು ಮರುದಿನ "ಸರಿ, ಮಂಚ ಬೇಡ, ಚಾಪೆ" ಅಂದ. ಮತ್ತೆ ಪುಸ್ತಕ. ಹೀಗೆ ನಾನು ಭೌತಶಾಸ್ತ್ರ ಓದಿದ್ದು. ನನ್ನ ಪದವಿಗಳ ಪಟ್ಟಿಯನ್ನು ನಿರೂಪಕರು ಈಗಷ್ಟೇ ಉಸಿರುಗಟ್ಟಿ ಓದಿದರಲ್ಲ, ಅವೆಲ್ಲ ತಮ್ಮನ ಬಾಯಿ ಮುಚ್ಚಿಸುವುದಕ್ಕೆ ಸಂಪಾದಿಸಿದ್ದು. ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು, "ಇಬ್ರೂ ಮೊದಲು ಉಣ್ಣಿ, ಪ್ರಪಂಚ ಆಮೇಲೆ ಉದ್ಧಾರ ಮಾಡಿ!"

ಅಂಥ ತಮ್ಮ ಇದೇ ಸಂಸ್ಥೆಗೆ ಬಂದ. ಬೋನು ಕಟ್ಟಬೇಕು ಅಂದ. ಬಾಂಬಿಗಲ್ಲ. ಸುಮ್ಮನೆ, ಹಿಡಿದು ನೋಡುವುದಕ್ಕೆ. ಆದರೆ ಈ ಕಟ್ಟಡದಲ್ಲಿ ಸುಮ್ಮನೆ ನೋಡುವುದಕ್ಕೆ ಒಂದು ಸ್ಕ್ರೂ ಕೂಡ ಮಂಜೂರಾಗುವುದಿಲ್ಲ. ಅಸ್ತ್ರ ಅನ್ನುವ ಎರಡಕ್ಷರ ಬರೆದರೆ ಪಂಪು ಬರುತ್ತದೆ, ಆಯಸ್ಕಾಂತ ಬರುತ್ತದೆ, ಪ್ರಸ್ತಾವನೆ ಪರಿಶೀಲನೆಯಲ್ಲಿ ಇರುವಷ್ಟು ದಿನ ಕರೆಂಟೂ ಬರುತ್ತದೆ. ಆದ್ದರಿಂದ ಅವನು ಬರೆದ. ಬರೆಯುತ್ತಲೇ ಇದ್ದ. ಅಯ್ಯೋ, ಇದನ್ನು ಹೇಳಬಾರದಿತ್ತು. ಹೇಳಿಯಾಯಿತು, ಏನು ಮಾಡೋಣ. ಸಾರ್, ನೀವು ಕೇಳಿಸಿಕೊಂಡಿಲ್ಲ ಅಂದುಕೊಳ್ಳುತ್ತೇನೆ.

ಮೊದಲ ಸಲ ನಾನು ಆಗಲ್ಲ ಅಂತ ಬರೆದಾಗ ಅವನು ಮಾತು ಬಿಟ್ಟ. ಬಾಂಬಿಗೆ ಬೇಡ ಅಂದೆ ಅಂತ ಅಲ್ಲ. ಬೋನಿನ ಬಗ್ಗೆ ಒಂದು ಒಳ್ಳೆಯ ಮಾತೂ ಬರೆಯಲಿಲ್ಲವಲ್ಲ ಅಂತ. ಅದು ನನ್ನ ಕೆಲಸ ಅಲ್ಲ ಅಂದೆ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿಯಾಗೇ ಇತ್ತು. ಅಲ್ಲಿಂದ ಅವನು ನನಗೆ ಅಕ್ಕ ಅನ್ನಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ "ಮಾನ್ಯ ಪರೀಕ್ಷಕರಿಗೆ ನಮಸ್ಕಾರ" ಅನ್ನುತ್ತಿದ್ದ. ಅಮ್ಮನ ಮನೆಯಲ್ಲಿ ಒಂದೇ ಮೇಜಿಗೆ ಊಟಕ್ಕೆ ಕೂತರೂ "ಅಮ್ಮ, ಪರೀಕ್ಷಕರಿಗೆ ನೀರು ಬೇಕೇನೋ ಕೇಳು" ಅನ್ನುತ್ತಿದ್ದ. ಅಮ್ಮನೂ ನಗುತ್ತಾ ಕೇಳುತ್ತಿದ್ದರು. ನಾನೂ ನಗುತ್ತಾ ನೀರು ಕುಡಿಯುತ್ತಿದ್ದೆ. ನಗುತ್ತಾ ಕುಡಿದರೆ ನೀರು ಗಂಟಲಲ್ಲಿ ಇಳಿಯುವುದಿಲ್ಲ, ಸಭಿಕರೇ, ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಇರಲಿ. ಸಂತೋಷದ ದಿನ. ನಿನ್ನೆಯ ವಿಷಯ ಹೇಳುತ್ತೇನೆ.

ನಮ್ಮ ವಿಭಾಗದಲ್ಲಿ ಒಂದು ಹಳೆಯ ಪದ್ಧತಿ ಇದೆ, ಕುರ್ಚಿ ಬದಲಿ ಅಂತ. ಕೊನೆಯ ವಿಚಾರಣೆಯ ದಿನ ಪ್ರಸ್ತಾವನೆ ಬರೆದವರು ಮೊದಲು ತಮ್ಮ ವಾದ ಹೇಳುತ್ತಾರೆ, ಪರೀಕ್ಷಕರು ತಮ್ಮ ವಾದ ಹೇಳುತ್ತಾರೆ. ಆಮೇಲೆ ಇಬ್ಬರೂ ಎದ್ದು ಕುರ್ಚಿ ಬದಲಾಯಿಸಬೇಕು. ಬರೆದವರು ಪರೀಕ್ಷಕರ ಕುರ್ಚಿಯಲ್ಲಿ ಕೂತು ತಮ್ಮ ಪ್ರಸ್ತಾವನೆಯನ್ನೇ ಚಿಂದಿ ಮಾಡಬೇಕು. ಪರೀಕ್ಷಕರು ಆ ಕಡೆ ಕೂತು ಅದನ್ನು ಎತ್ತಿ ಹಿಡಿಯಬೇಕು. ಎದುರಿನವರ ವಾದ ಹೇಳಲಾರದವರಿಗೆ ತಮ್ಮ ವಾದವೂ ಅರ್ಥ ಆಗಿಲ್ಲ ಅಂತ ಲೆಕ್ಕ. ಇಷ್ಟು ವರ್ಷ ನಾನು ಆಗಲ್ಲ ಅಂತ ಬರೆದ ಕೂಡಲೇ, ತಮ್ಮನ ಪ್ರಸ್ತಾವನೆಗಳು ಕೊನೆಯ ವಿಚಾರಣೆಗೆ ಬರುವ ಮೊದಲೇ, ಅವನೇ ಹಿಂದಕ್ಕೆ ತೆಗೆದುಕೊಂಡು, ತಿದ್ದಿ, ಮತ್ತೆ ಹಾಕುತ್ತಿದ್ದ. ಕರೆಂಟು ಉಳಿಯಬೇಕಲ್ಲ! ಈ ಸಲ, ನಾನು ನಿವೃತ್ತಳಾಗುವ ಮೊದಲು ಒಮ್ಮೆಯಾದರೂ ನನ್ನೆದುರು ಕೂರಬೇಕು ಅಂತ ಹಿಂದಕ್ಕೆ ತೆಗೆಯಲಿಲ್ಲ. ನಿನ್ನೆ ಮೊದಲ ಸಲ ನಾವಿಬ್ಬರೂ ಎದುರುಬದುರು ಕೂತೆವು.

ಕುರ್ಚಿ ಬದಲಾಯಿಸಿದೆವು. ಅವನು ನನ್ನ ಕುರ್ಚಿಯಲ್ಲಿ ಕೂತು, ನನ್ನ ಹಾಗೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೆಮ್ಮಿದ. ಥೇಟ್ ನಾನೇ! ಆಮೇಲೆ ತನ್ನದೇ ಪ್ರಸ್ತಾವನೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಶುರು ಮಾಡಿದ ನೋಡಿ. "ಇದನ್ನ ಬರೆದವನಿಗೆ ತಲೆ ನೆಟ್ಟಗಿದೆಯೇನಮ್ಮಾ? ಬಾಂಬು ಅಂತಾನೆ, ಬಾಂಬು ಹಾಕೋ ಡಬ್ಬ ಎಲ್ಲಿ? ಯಾವ ಡಬ್ಬಕ್ಕೆ ಹಾಕಿದ್ರೂ ಡಬ್ಬಾನೂ ಮಾಯ, ಡಬ್ಬ ಹಿಡಿದವನೂ ಮಾಯ. ಮುಟ್ಟದೆ ಹಿಡೀಬೇಕು ಅಂದ್ರೆ ಆಯಸ್ಕಾಂತ ಬೇಕು, ಅದನ್ನ ತಂಪಾಗಿಡೋಕೆ ಒಂದು ನೆಲಮಾಳಿಗೆ ಬೇಕು, ನೆಲಮಾಳಿಗೆ ಸಮೇತ ಎಸೀತೀರಾ? ಸರಿ, ಎಸೆದ್ರಿ ಅಂತಾನೇ ಇಟ್ಕೊಳ್ಳಿ. ಉಳಿದ ಬಾಂಬುಗಳು ಗುಂಡಿ ಒತ್ತಿದ್ರೆ ಸಿಡೀತವೆ. ಇದು ಕರೆಂಟು ಹೋದ್ರೆ ಸಿಡಿಯುತ್ತೆ! ಶತ್ರು ಸೈನ್ಯ ಯಾಕೆ ಬೇಕು? ನಮ್ಮ ಲೈನ್‌ಮನ್ ರಜ ಹಾಕಿದ್ರೆ ಸಾಕು, ಯುದ್ಧ ಮುಗೀತು."

ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ನಿಲ್ಲಿಸಿದನೇ? ಇಲ್ಲ. ಬೋನಿನ ಬಾಯಿಯ ಹತ್ತಿರ ಆಯಸ್ಕಾಂತಗಳ ಹೊಂದಾಣಿಕೆಯಲ್ಲಿ ಒಂದು ದೋಷ ಇದೆ, ದೊಡ್ಡದಾಗಿ ಕಟ್ಟಿದರೆ ಅಲ್ಲಿಂದ ಎಲ್ಲ ಸೋರಿಹೋಗುತ್ತದೆ ಅಂತ ಹಲಗೆಯ ಮೇಲೆ ಬರೆದು ತೋರಿಸಿದ. "ಇಷ್ಟು ವರ್ಷದಲ್ಲಿ ಪರೀಕ್ಷಕರ ಕಣ್ಣಿಗೆ ಇದು ಬಿದ್ದಿಲ್ಲ, ಆಶ್ಚರ್ಯ" ಅಂದ. ನನ್ನ ಕಣ್ಣಿಗೆ ಬಿದ್ದಿಲ್ಲ! ನನ್ನ ಕಣ್ಣಿಗೆ! ಮೈಯೆಲ್ಲ ಉರಿದುಹೋಯಿತು. ಜೊತೆಗೇ ಎದ್ದು ಹೋಗಿ ಅವನ ಕೆನ್ನೆ ಹಿಂಡಿಬಿಡೋಣ ಅನ್ನಿಸಿತು. ಎರಡೂ ಒಟ್ಟಿಗೇ ಅನ್ನಿಸಿದರೆ ಮನುಷ್ಯರು ಏನು ಮಾಡಬೇಕು ಹೇಳಿ. ನಾನು ಬೆಪ್ಪಳಂತೆ ಚಪ್ಪಾಳೆ ತಟ್ಟಿದೆ.

ಆಮೇಲೆ ನನ್ನ ಸರದಿ. ನಾನು ಅವನ ಕುರ್ಚಿಯಲ್ಲಿ ಕೂತು ಬಾಂಬನ್ನು ಎತ್ತಿ ಹಿಡಿಯಬೇಕಿತ್ತು. ಬಾಯಿ ತೆರೆದೆ. ಬಾಂಬು ಅನ್ನುವ ಮಾತೇ ಹೊರಡಲಿಲ್ಲ. ಬೋನು ನೆನಪಾಯಿತು. ತಪಾಸಣೆಗೆ ಅಂತ ಎಷ್ಟು ಸಲ ಹೋಗಿದ್ದೇನೋ ಅಲ್ಲಿಗೆ. ಪಂಪುಗಳ ಒಂದೇ ಸಮನಾದ ಗುಂಯ್ ಸದ್ದು, ಕೊಳವೆಗಳ ಮೇಲೆ ಕೂತ ಹಿಮ, ಮಧ್ಯದಲ್ಲಿ ಏನೂ ಇಲ್ಲದ ಒಂದು ಜಾಗ. ಆ ಏನೂ ಇಲ್ಲದ್ದರ ನಡುವೆ, ಯಾವುದನ್ನೂ ಮುಟ್ಟದೆ, ಅದು ತಿರುಗುತ್ತಾ ಇರುತ್ತದೆ. ಮುಟ್ಟಿದರೆ ಇಲ್ಲವಾಗುವುದನ್ನು ನನ್ನ ತಮ್ಮ ತಿಂಗಳುಗಟ್ಟಲೆ ಕಾಪಾಡಿಕೊಂಡಿದ್ದಾನೆ. ನಾನು ಹೇಳಿದೆ: ಸ್ವಾಮಿ, ವಿಶ್ವ ಹುಟ್ಟಿದಾಗ ದ್ರವ್ಯ, ಪ್ರತಿದ್ರವ್ಯ ಎರಡೂ ಸಮಸಮ ಇದ್ದಿರಬೇಕು ಅನ್ನುತ್ತದೆ ಲೆಕ್ಕ. ಸಮಸಮ ಇದ್ದಿದ್ದರೆ ಎಲ್ಲ ಆಗಲೇ ಅಳಿಸಿಹೋಗಿ ನಾವು ಯಾರೂ ಇರುತ್ತಿರಲಿಲ್ಲ. ನಾವು ಇದ್ದೇವೆ. ಹಾಗಾದರೆ ಆ ಇನ್ನೊಂದು ಅರ್ಧ ಎಲ್ಲಿ ಹೋಯಿತು? ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಬೇಕಾದರೆ ಅದನ್ನು ಹಿಡಿದು ಕೂತು ನೋಡಬೇಕು. ನನ್ನ ತಮ್ಮ ಹಿಡಿದಿದ್ದಾನೆ. ಅದನ್ನು ಬಿಡಿಸಬೇಡಿ. ಇಷ್ಟು ಹೇಳುವಷ್ಟರಲ್ಲಿ ಅತ್ತುಬಿಟ್ಟೆ. ಆಗಲ್ಲಮ್ಮ ಅತ್ತಳು ಅಂತ ಮಧ್ಯಾಹ್ನದ ಹೊತ್ತಿಗೆ ಇಡೀ ಕ್ಯಾಂಟೀನಿಗೆ ಗೊತ್ತಾಗಿತ್ತು, ಮುಚ್ಚುಮರೆ ಯಾಕೆ?

ತೀರ್ಪು ಏನಾಯಿತು? ಅಸ್ತ್ರ ಆಗಲ್ಲ. ಈ ಸಲ ಅದನ್ನು ಬರೆದವನು ನನ್ನ ಕುರ್ಚಿಯಲ್ಲಿ ಕೂತ ತಮ್ಮ, ಕೆಳಗೆ ಸಹಿ ಹಾಕಿದವಳು ನಾನು. ತೀರ್ಪು ನ್ಯಾಯವಾದದ್ದು, ಅದರಿಂದ ಒಂದಕ್ಷರ ಹಿಂದಕ್ಕೆ ತೆಗೆಯುವುದಿಲ್ಲ. ನೂರು ವರ್ಷ ಬಿಟ್ಟು ಬಂದರೂ ತೆಗೆಯುವುದಿಲ್ಲ. "ಮುಂದೆ ಸಾಧ್ಯವಾಗಬಹುದು ಅಂತಾದ್ರೂ ಒಂದು ಸಾಲು ಸೇರಿಸಿ ಮೇಡಂ, ಕರೆಂಟು ಉಳಿಯುತ್ತೆ" ಅಂತ ಯಾರೋ ಒಬ್ಬರು ನಿನ್ನೆ ಸಹಿ ಹಾಕುವಾಗ ನನ್ನ ಕಿವಿಯಲ್ಲಿ ಹೇಳಿದರು. ಯಾರು ಅಂತ ಹೇಳುವುದಿಲ್ಲ, ವೇದಿಕೆಯ ಮೇಲೇ ಇದ್ದಾರೆ. ಆ ಒಂದು ಸಾಲು ಹಿಡಿದುಕೊಂಡು ನಾಳೆ ಯಾರಾದರೂ ನಿಜವಾಗಿ ಬಾಂಬು ಕೇಳಿಕೊಂಡು ಬಂದರೆ? ತಮ್ಮನೇ ಬೇಡ ಅಂದ. "ಸುಳ್ಳು ಹೇಳಿ ಸಾಕಾಗಿದೆ, ಅಕ್ಕ" ಅಂದ.

ಕೇಳಿಸಿಕೊಂಡಿರಾ? ಅಕ್ಕ ಅಂದ.

ಸಭಿಕರೇ, ನಾನು ಬೆಳಿಗ್ಗೆಯಿಂದ ನಗುತ್ತಿರುವುದು ಆ ಒಂದು ಮಾತಿಗೆ. ವಿಚಾರಣೆ ಮುಗಿದು ಎಲ್ಲರೂ ಎದ್ದು ಹೋದ ಮೇಲೂ ನಾವಿಬ್ಬರೂ ಅದಲುಬದಲು ಕುರ್ಚಿಯಲ್ಲೇ ಕೂತಿದ್ದೆವು. "ನಾಡಿದ್ದಿಂದ ಏನ್ ಮಾಡ್ತೀಯ ಅಕ್ಕ?" ಅಂದ. "ನೀನು ಕೆಲಸ ಕೊಡ್ತೀಯೇನೋ?" ಅಂದೆ. "ಪರೀಕ್ಷೆ ಮಾಡ್ಬೇಕು" ಅಂದ, ಆ ಕಳ್ಳ! ನೆಲಮಾಳಿಗೆಗೆ ಕರೆದುಕೊಂಡು ಹೋಗಿ ಕೈಗೆ ಸ್ಪಾನರ್ ಕೊಟ್ಟು ಒಂದು ಬೋಲ್ಟ್ ಹಾಕು ಅಂದ. ಹಾಕಿದೆ. ಸೊಟ್ಟಗೆ ಹಾಕಿದೆ, ಬೋಲ್ಟಿನ ತಿರುಪು ಸವೆದುಹೋಯಿತು. ನನ್ನ ಇಡೀ ಜೀವಮಾನದಲ್ಲಿ ಬೇರೆಯವರು ಕಟ್ಟಿದ್ದು ನಿಲ್ಲುವುದಿಲ್ಲ ಅಂತ ತೋರಿಸಿದ್ದೇನೆಯೇ ಹೊರತು ಕೈಯಾರೆ ಒಂದು ಸ್ಟೂಲನ್ನೂ ಮಾಡಿಲ್ಲ ಅಂತ ಆಗ ಗೊತ್ತಾಯಿತು. "ಪರವಾಗಿಲ್ಲ, ಕಲಿಸ್ತೀನಿ" ಅಂದ. ಸಂಬಳ ಇಲ್ಲವಂತೆ. ಪಾಳಿಯ ಕೆಲಸವಂತೆ, ಬೋನಿನ ಪಕ್ಕ ಯಾರಾದರೊಬ್ಬರು ಸದಾ ಕೂತಿರಬೇಕಂತೆ. ನಾನು ಒಪ್ಪಿಕೊಂಡಿದ್ದೇನೆ.

ಸಾರ್, ಈಗ ನಿಮ್ಮ ಕಡೆಗೆ ತಿರುಗುತ್ತೇನೆ. ನಾವು ಅಸ್ತ್ರದ ಅನುದಾನ ಕೇಳುತ್ತಿಲ್ಲ. ಪಕ್ಕದ ಕಾಲೇಜಿನವರು ಬೋನನ್ನು ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ತೆಗೆದುಕೊಳ್ಳುತ್ತೇವೆ, ಕರೆಂಟಿನ ಖರ್ಚು ನಮ್ಮದು ಅಂತ ಒಪ್ಪಿದ್ದಾರೆ. ಅದನ್ನು ಇರುವ ಜಾಗದಲ್ಲೇ ಇರುವ ಹಾಗೇ ಅವರಿಗೆ ಬಿಟ್ಟುಕೊಡಲಾಗಿದೆ ಅಂತ ನೀವು ಒಂದು ಸಹಿ ಹಾಕಬೇಕು. ಗುಜರಿಗೆ ಹೋಗಬೇಕಾದದ್ದು ಕಾಲೇಜಿಗೆ ಹೋಗುತ್ತದೆ, ಅಷ್ಟೇ. ನಿಮ್ಮ ಕಾಲದಲ್ಲಿ ಆದದ್ದು ಅಂತ ಹೆಸರು ಉಳಿಯುತ್ತದೆ. ಆಗಬಹುದಲ್ಲವೇ ಸಾರ್?

ನೋಡಿದಿರಾ? ತಲೆಯಾಡಿಸಿದರು! ನಿದ್ದೆಗೆ ತೂಗಿದ್ದೋ ಒಪ್ಪಿ ಆಡಿಸಿದ್ದೋ ಅಂತ ಕೇಳಬೇಡಿ, ತಲೆ ಆಡಿದ್ದು ನಿಜ, ಇಡೀ ಸಭಾಂಗಣ ಸಾಕ್ಷಿ. ಚಪ್ಪಾಳೆ! ಇನ್ನೂ ಜೋರಾಗಿ! ಸಾರ್, ಪತ್ರ ಇಲ್ಲೇ ಇದೆ, ಹೂಗುಚ್ಛದ ಕೆಳಗೆ ಇಟ್ಟುಕೊಂಡೇ ಬಂದಿದ್ದೆ. ಇಲ್ಲಿ ಸಾರ್, ಈ ಗೆರೆಯ ಮೇಲೆ. ತಾರೀಕು ಕೂಡ. ಸಾರ್, ನೀವು ನಗುತ್ತಿದ್ದೀರಿ, ಹಾಗಾದರೆ ನಿದ್ದೆ ಅಲ್ಲ. ಸಹಿ ಆಯಿತು, ಸಭಿಕರೇ! ಸಹಿ ಆಯಿತು!

ಇನ್ನು ನಿಮ್ಮನ್ನು ಹಿಡಿದಿಡುವುದಿಲ್ಲ. ಅಧ್ಯಕ್ಷರಿಗೆ, ನಗುನಗುತ್ತಾ ಸಹಿಸಿಕೊಂಡ ಅತಿಥಿಗಳಿಗೆ, ತಾಳ್ಮೆಯಿಂದ ಕೂತಿದ್ದ ವಿದ್ಯುತ್ ವಿಭಾಗದವರಿಗೆ, ಅಡುಗೆ ಆರಿಹೋಗದಂತೆ ನೋಡಿಕೊಂಡವರಿಗೆ, ಎಲ್ಲರಿಗೂ ನನ್ನ ಮನಸಾರೆ ವಂದನೆಗಳು. ಊಟಕ್ಕೆ ನಾನು ಇರುವುದಿಲ್ಲ, ಕ್ಷಮಿಸಿ. ಅಕ್ಕನ ಬೀಳ್ಕೊಡುಗೆಗೂ ತಮ್ಮ ಬರಲಿಲ್ಲವಲ್ಲ, ಇನ್ನೂ ಕೋಪವೇ ಅಂತ ಆಗಿನಿಂದ ಕೆಲವರು ಪಿಸುಗುಟ್ಟುತ್ತಿದ್ದೀರಿ. ಕೋಪ ಅಲ್ಲ. ಈ ಸಂಜೆಯ ಪಾಳಿ ನನ್ನದು, ನನ್ನ ಬದಲು ಅವನು ಕೂತಿದ್ದಾನೆ. ಯಾರಾದರೂ ಬಂದು ಕರೆಂಟು ತೆಗೆದುಬಿಟ್ಟಾರು ಅಂತ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ಕೂತಿದ್ದಾನೆ. ಅವನಿಗೆ ಇನ್ನೂ ವಿಷಯ ಗೊತ್ತಿಲ್ಲ. ನಾನೇ ಓಡಿಹೋಗಿ ಹೇಳಬೇಕು.

ನಮಸ್ಕಾರ.